ಫ್ರಿಜ್ ಬಾಗಿಲಿನ ರಬ್ಬರು, ಒಂದನೇ ನಂಬರ್ ಸ್ಟೀಲು

ಕಲಬುರಗಿ ಶಹಾಬಜಾರದ ನಮ್ಮ ಮನೆಯ ಪಡಸಾಲೆಯಲ್ಲಿ ಆರೇಳು ವರ್ಷ ಯುದ್ಧ ನಡೆಯಿತು. ಪ್ರತಿ ರವಿವಾರ ಊಟವಾದ ಮೇಲೆ ಮೂರು ಜನ ಗಂಡಸರು ಜಮಖಾನದ ಮೇಲೆ ಮಂಡಿಯೂರಿ ಕೂತು, ಹೆಬ್ಬೆರಳಿನಷ್ಟು ಎತ್ತರದ ಸಿಪಾಯಿಗಳನ್ನು ಹಿಂದೆ ಮುಂದೆ ಸರಿಸುತ್ತ, ಸಿಂಪಿಗರ ಟೇಪಿನಿಂದ ದೂರ ಅಳೆಯುತ್ತ, ದಾಳ ಉರುಳಿಸಿ ಎಷ್ಟು ಮಂದಿ ಸತ್ತರೆಂದು ತೀರ್ಮಾನಿಸುತ್ತಿದ್ದರು. ಅವರಲ್ಲಿ ಇಬ್ಬರಿಗೆ ಆಗಲೇ ತಲೆ ನರೆತಿತ್ತು. ಕೃಷ್ಣಾ ತುಂಗಭದ್ರೆಗಳ ನಡುವಿನ ನೆಲಕ್ಕಾಗಿ ಬಹಮನಿಯವರೂ ವಿಜಯನಗರದವರೂ ಬಡಿದಾಡಿದ್ದನ್ನು ನಾನು ಶಾಲೆಯಲ್ಲಿ ಒಂದೇ ಪಿರಿಯಡ್ಡಿನಲ್ಲಿ ಕಲಿಸಿ ಮುಗಿಸುತ್ತಿದ್ದೆ. ಇವರಿಗೆ ಅದೇ ಯುದ್ಧ ವರ್ಷಗಟ್ಟಲೆ ಮುಗಿಯಲಿಲ್ಲ. ನನಗೆ ಇವರನ್ನು ಕಂಡರೆ ತಾತ್ಸಾರ. ಅದನ್ನು ಮುಚ್ಚಿಟ್ಟವಳೂ ನಾನಲ್ಲ.

ಈ ರೋಗ ತಂದವರು ನಮ್ಮ ಯಜಮಾನರು. ಕೋರ್ಟಿನಲ್ಲಿ ಗುಮಾಸ್ತಿಕೆ. ಆಫೀಸಿನಲ್ಲಿ ಸಾಹೇಬರ ಮುಂದೆ ತಲೆ ಎತ್ತಿದವರಲ್ಲ, ಮನೆಯಲ್ಲಿ ಮಾತ್ರ ದಂಡನಾಯಕರು. ಎಂಬತ್ತರ ದಶಕದ ಕೊನೆಗೆ ಒಂದು ದಿನ ಸ್ಟೇಶನ್ ಬಜಾರದ ಹಳೇ ಪುಸ್ತಕದ ಗಾಡಿಯಲ್ಲಿ ಅವರಿಗೊಂದು ಇಂಗ್ಲಿಷ್ ಪುಸ್ತಕ ಸಿಕ್ಕಿತು. ಬೊಂಬೆ ಸಿಪಾಯಿಗಳನ್ನಿಟ್ಟುಕೊಂಡು ನಿಯಮಬದ್ಧವಾಗಿ ಯುದ್ಧವಾಡುವುದು ಹೇಗೆಂದು ಅದರಲ್ಲಿ ಬರೆದಿತ್ತು. ರಟ್ಟು ಹರಿದ ಆ ಪುಸ್ತಕವನ್ನು ಅವರು ಪಂಚಾಂಗದ ಪಕ್ಕಕ್ಕೆ ಇಟ್ಟರು. ತಿಂಗಳೊಳಗೆ ಇನ್ನಿಬ್ಬರು ಕೂಡಿಕೊಂಡರು. ಮರುಳನಿಗೆ ಮರುಳ ಸಿಗುವುದು ತಡವಾಗುವುದಿಲ್ಲ.

ಎರಡನೆಯವರು ಕಾಳಿನ ಪೇಟೆಯಾದ ನೆಹರು ಗಂಜಿನ ತೊಗರಿ ಸಾಹುಕಾರರು. ಮೂಲ ಕಮಲಾಪುರದವರು, ಅಲ್ಲಿ ಕೆಂಪು ಬಾಳೆಯ ತೋಟವಿತ್ತು. ಹುಡುಗತನದಲ್ಲಿ ಗಂಜಿನಲ್ಲಿ ಚೀಲ ಹೊತ್ತು, ಆಮೇಲೆ ಅಡತಿ ಅಂಗಡಿ ಹಾಕಿ, ಈಗ ಬೆರಳಿಗೆರಡು ಉಂಗುರ ಹಾಕಿದ್ದರು. ಏನು ತೋರಿಸಿದರೂ ಅವರ ಮೊದಲ ಪ್ರಶ್ನೆ, ಇದು ಒಂದನೇ ನಂಬರಿನದೇ ಎಂದು. ಬೇಳೆ ಒಂದನ್ನು ಬಿಟ್ಟು ಬೇರೆ ಯಾವುದರ ನಂಬರೂ ಅವರಿಗೆ ತಿಳಿಯುತ್ತಿರಲಿಲ್ಲ. ಹೆಚ್ಚು ಬೆಲೆ ಹೇಳಿದವನೇ ಅವರಿಗೆ ಪ್ರಾಮಾಣಿಕ. ಅಂಗಡಿಕಾರರು ಅವರನ್ನು ದೂರದಿಂದ ನೋಡಿಯೇ ಚಹಾ ತರಿಸುತ್ತಿದ್ದರು.

ಮೂರನೆಯವರು ನಮ್ಮ ಓಣಿಯ ತುದಿಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದವರು. ವಯಸ್ಸಿನಲ್ಲಿ ಎಲ್ಲರಿಗಿಂತ ಹಿರಿಯರು, ಓಣಿಗೆಲ್ಲ ಚಾಚಾ. ಸಿಪಾಯಿಗಳನ್ನು ಮಾಡಿದವರು ಅವರೇ. ತಾಮ್ರದ ತಂತಿಯನ್ನು ಮನುಷ್ಯನಂತೆ ಬಾಗಿಸಿ, ಅದರ ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೆತ್ತಿ, ಒಣಗಿದ ಮೇಲೆ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಣ್ಣ ಹಚ್ಚುತ್ತಿದ್ದರು. ಕೆಟ್ಟ ಗಡಿಯಾರಗಳ ಸೆಕೆಂಡ್ ಮುಳ್ಳು ಕತ್ತಿಯಾಗುತ್ತಿತ್ತು, ನಿಮಿಷದ ಮುಳ್ಳು ಭರ್ಚಿ, ಸಣ್ಣ ಚಕ್ರ ಢಾಲು. ಇನ್ನೂರಕ್ಕೂ ಹೆಚ್ಚು ಮಂದಿ ಸಿಪಾಯಿಗಳು, ಒಬ್ಬನ ಮುಖ ಇನ್ನೊಬ್ಬನಿಗಿಲ್ಲ. ಗಿರಾಕಿಗಳ ಗಡಿಯಾರ ತಿಂಗಳುಗಟ್ಟಲೆ ಡಬ್ಬಿಯಲ್ಲಿ ನಿಂತಿರುತ್ತಿದ್ದವು, ಇವರು ಮಾವುತನಿಗೆ ಮೀಸೆ ಬರೆಯುತ್ತ ಕೂತಿರುತ್ತಿದ್ದರು. ನಾನು ಅದನ್ನೂ ಅವರೆದುರಿಗೇ ಆಡಿದ್ದೇನೆ. ಅವರು ನಕ್ಕು, ಗಡಿಯಾರಕ್ಕೆ ಅವಸರವಿಲ್ಲ ಅನ್ನುತ್ತಿದ್ದರು.

ಯಾರು ಯಾವ ಪಕ್ಷವೆಂದು ಸಾಹುಕಾರರೂ ಚಾಚಾನೂ ಚೀಟಿ ಎತ್ತುತ್ತಿದ್ದರು, ಯಜಮಾನರದು ಪುಸ್ತಕ ನೋಡಿ ತೀರ್ಪು ಹೇಳುವ ಕೆಲಸ. ಸಾಹುಕಾರರಿಗೆ ಬಹಮನಿ ಚೀಟಿ ಬಂದರೆ ಮುಖ ಬಾಡುತ್ತಿತ್ತು, ಇನ್ನೊಮ್ಮೆ ಎತ್ತೋಣವೆಂದು ಗೋಗರೆಯುತ್ತಿದ್ದರು. ಚಾಚಾ ತಮ್ಮ ಚೀಟಿ ಬಿಚ್ಚಿಯೂ ನೋಡದೆ ಅವರದಕ್ಕೆ ಬದಲಾಯಿಸಿ ಕೊಡುತ್ತಿದ್ದರು. ಗೆಲ್ಲುತ್ತಿದ್ದುದು ಹೆಚ್ಚಾಗಿ ಚಾಚಾ.

ನಾನು ಈ ಆಟದಲ್ಲಿ ಕೈ ಹಾಕಿದ್ದು ಫ್ಯಾನಿನ ಸಲುವಾಗಿ. ಏಪ್ರಿಲ್ ಮೇ ತಿಂಗಳಲ್ಲಿ ಕಲಬುರಗಿಯ ಮಧ್ಯಾಹ್ನ ಎಂಥದೆಂದು ಉಂಡವರಿಗೇ ಗೊತ್ತು. ಹಂಚಿನ ಮೇಲೆ ಕೂತಂತಿರುತ್ತದೆ. ಆದರೆ ನಮ್ಮ ಮನೆಯಲ್ಲಿ ರವಿವಾರ ಫ್ಯಾನು ಹಚ್ಚುವ ಹಾಗಿಲ್ಲ. ಸಿಪಾಯಿಗಳ ಪಾದ ಸಣ್ಣದು, ಕೈಯಲ್ಲಿ ಅರಿವೆಯ ನಿಶಾನೆ ಬೇರೆ, ಗಾಳಿ ಬಂದರೆ ಸೈನ್ಯವೇ ಮಲಗಿಬಿಡುತ್ತಿತ್ತು. ಮೂರು ಜನ ಬನಿಯನ್ನಿನಲ್ಲಿ ಬೆವರು ಸುರಿಸುತ್ತ ಸಾಮ್ರಾಜ್ಯ ಕಟ್ಟುತ್ತಿದ್ದರು, ಒಳಗೆ ನಾನು ಬೇಯುತ್ತಿದ್ದೆ. ಒಂದು ರವಿವಾರ ಹೊರಗೆ ಬಂದು ಹೇಳಿದೆ. ಮುಂದಿನ ವಾರ ಫ್ಯಾನು ತಿರುಗುತ್ತದೆ, ನಿಮ್ಮ ಸಿಪಾಯಿಗಳಿಗೆ ನಿಲ್ಲಲು ಬರುತ್ತಿದ್ದರೆ ನಿಲ್ಲಲಿ, ಬಾರದಿದ್ದರೆ ಬೇರೆ ಮನೆ ನೋಡಿಕೊಳ್ಳಲಿ.

ಕಾಲಡಿಗೆ ಮ್ಯಾಗ್ನೆಟ್ ಹಚ್ಚಿ ತಗಡಿನ ಮೇಲೆ ನಿಲ್ಲಿಸಬೇಕೆಂಬುದು ಆ ಪುಸ್ತಕದಲ್ಲೇ ಇತ್ತು. ಅಷ್ಟು ಓದಿ ಯಜಮಾನರು ಸುಮ್ಮನಾಗಿದ್ದರು. ಎಂಥ ಮ್ಯಾಗ್ನೆಟ್, ಎಲ್ಲಿ ಸಿಗುತ್ತದೆ ಎಂಬ ಮಾತು ಬಂದಾಗ ಮೂವರೂ ಮುಖ ಮುಖ ನೋಡಿಕೊಂಡರು. ಚಾಚಾ ಅಂತೂ ಮ್ಯಾಗ್ನೆಟ್ ಎಂದರೆ ಮಾರು ದೂರ ಸರಿಯುತ್ತಿದ್ದರು. ಗಡಿಯಾರದೊಳಗಿನ ಕೂದಲಿನಂಥ ಸುರುಳಿಗೆ ಅದು ತಾಕಿತೆಂದರೆ ಗಡಿಯಾರ ಹುಚ್ಚು ಹಿಡಿದಂತೆ ಓಡುತ್ತದಂತೆ. ಅವರ ಇಕ್ಕಳ, ಸ್ಕ್ರೂಡ್ರೈವರ್ ಕೂಡ ಅದರ ಹತ್ತಿರ ಬರಬಾರದು.

"ಮ್ಯಾಗ್ನೆಟ್ ಅಂದ್ರ ನಮ್ಮ ಧಂಧೆಕ್ಕ ದುಷ್ಮನ್ ಇದ್ದಂಗ ರೀ, ಬಾಯಿಯವರ," ಎಂದರು. "ನನಗ ಅದರದೇನೂ ತಿಳಿಯಂಗಿಲ್ಲ. ನೀವ ನೋಡಿ ತರ್ರಿ."

ಹೀಗೆ ಕೆಲಸ ನನ್ನ ಕೊರಳಿಗೆ ಬಿತ್ತು. ಬೈದವಳೇ ಬಡಿಸಬೇಕು.

ಸಾಹುಕಾರರು ಹೈದರಾಬಾದಿನಿಂದ ಬಿಲ್ಲೆಯಂಥ ಹೊಳೆಯುವ ಮ್ಯಾಗ್ನೆಟ್ ತರಿಸೋಣವೆಂದರು, ಒಂದನೇ ನಂಬರಿನವು. ಮಾದರಿಗೆಂದು ನಾಲ್ಕು ತರಿಸಿಯೂ ಬಿಟ್ಟರು. ಎರಡು ಕುದುರೆಗಳ ಕೆಳಗೆ ಹಚ್ಚಿ ಎರಡು ಬೆರಳಿನ ದೂರದಲ್ಲಿಟ್ಟೆವು. ಅವು ಒಂದರ ಮೇಲೊಂದು ಹಾರಿ ಬಿದ್ದು ಒಂದರ ಮುಂಗಾಲು ಮುರಿಯಿತು. ಚಾಚಾ ಆ ಕಾಲನ್ನು ಎತ್ತಿ ಕಿಸೆಯಲ್ಲಿಟ್ಟುಕೊಂಡು ಮನೆಗೆ ಹೋದರು. ಸಾಹುಕಾರರು ಮಾತ್ರ, ಎಂಥಾ ಶಕ್ತಿ ನೋಡ್ರಿ ಎಂದು ಬೆರಗಾಗಿ ಕೂತಿದ್ದರು. ಶತ್ರುಪಕ್ಷದ ಸಿಪಾಯಿ ಮಗ್ಗುಲಲ್ಲಿ ನಿಲ್ಲಲೇ ಬೇಕಾದ ಆಟದಲ್ಲಿ ಆ ಶಕ್ತಿ ಏತಕ್ಕೆ ಬೇಕೆಂದು ಅವರಿಗೆ ಹೊಳೆಯಲಿಲ್ಲ. ಯಜಮಾನರು ರೇಡಿಯೋ ಅಂಗಡಿಯಿಂದ ಒಡೆದ ಸ್ಪೀಕರಿನ ಕರೀ ಬಳೆಯಂಥ ಮ್ಯಾಗ್ನೆಟ್ ತಂದು ಸುತ್ತಿಗೆಯಿಂದ ಚೂರು ಮಾಡಲು ಹೋದರು. ಚೂರೇನೋ ಆಯಿತು, ಒಂದೊಂದು ಒಂದೊಂದು ಆಕಾರ. ಅದರ ಮೇಲೆ ನಿಂತ ಸಿಪಾಯಿಗಳೆಲ್ಲ ಕುಡಿದವರಂತೆ ವಾಲಿದರು. ನಾನು ಕ್ಲಾಸಿನಲ್ಲಿ ಕಸಿದುಕೊಂಡಿದ್ದ ಪೆನ್ಸಿಲ್ ಬಾಕ್ಸಿನ ಮುಚ್ಚಳದಲ್ಲಿಯೂ ಒಂದು ಮ್ಯಾಗ್ನೆಟ್ ಇತ್ತು, ಅದು ಚೆನ್ನಾಗಿಯೂ ಇತ್ತು. ಆದರೆ ಇನ್ನೂರು ಪೆನ್ಸಿಲ್ ಬಾಕ್ಸ್ ಕಸಿಯುವಷ್ಟು ದೊಡ್ಡ ಶಾಲೆ ನಮ್ಮದಲ್ಲ.

ಕೊನೆಗೆ ಅದು ಸಿಕ್ಕಿದ್ದು ಗಂಜಿನ ಹಿಂದಿನ ಗುಜರಿ ಅಂಗಡಿಯಲ್ಲಿ. ಹಳೇ ಫ್ರಿಜ್ಜುಗಳ ಬಾಗಿಲು ಅಲ್ಲಿ ಗೋಡೆಗೆ ಆನಿಸಿ ಇಟ್ಟಿದ್ದರು. ಬಾಗಿಲಿನ ಸುತ್ತ ಇರುವ ರಬ್ಬರನ್ನು ಬ್ಲೇಡಿನಿಂದ ಸೀಳಿದರೆ ಒಳಗೆ ಕಂದು ಬಣ್ಣದ ಪಟ್ಟಿ, ಮೆತ್ತಗೆ ಬಾಗುತ್ತದೆ, ಕತ್ತರಿಯಿಂದ ಕತ್ತರಿಸಬಹುದು. ಅದೂ ಮ್ಯಾಗ್ನೆಟ್ಟೇ, ಆದರೆ ದರ್ಪವಿಲ್ಲದ್ದು. ಗುಜರಿಯವನು ಚೀಲ ತುಂಬ ಹೆಚ್ಚುಕಡಿಮೆ ಪುಕ್ಕಟೆ ಕೊಟ್ಟ. ಸಾಹುಕಾರರು ಅದನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದು, ಸತ್ತ ಹಾವನ್ನು ನೋಡಿದಂತೆ ನೋಡಿದರು.

ಆ ಪಟ್ಟಿಯನ್ನೂ ನಾನು ಕುರುಡಾಗಿ ಹಚ್ಚಲಿಲ್ಲ. ಅದರ ಒಂದು ಮಗ್ಗುಲು ಗಟ್ಟಿ ಹಿಡಿಯುತ್ತದೆ, ಇನ್ನೊಂದು ಕಡಿಮೆ. ಚೂರು ಚೂರಿಗೂ ತಗಡಿಗೆ ಹಚ್ಚಿ ನೋಡಿ, ಗಟ್ಟಿ ಮಗ್ಗುಲು ಕೆಳಗೆ ಬರುವಂತೆ ಪೆನ್ಸಿಲ್ಲಿನಿಂದ ಗುರುತು ಹಾಕಿದೆ. ಸಿಪಾಯಿಯನ್ನು ತಗಡಿನ ಮೇಲೆ ನಿಲ್ಲಿಸಿ ತಗಡನ್ನು ಮೆಲ್ಲಗೆ ಓರೆ ಮಾಡುತ್ತ ಹೋಗಿ, ಪೂರ್ತಿ ನೆಟ್ಟಗೆ ನಿಲ್ಲಿಸಿದರೂ ಜಾರಲಿಲ್ಲವೆಂದರೆ ಪಾಸು. ಕಾಲಾಳಿಗೆ ಒಂದು ಚೂರು, ಕುದುರೆಗೆ ಎರಡು, ಆನೆಗೆ ನಾಲ್ಕು. ಹಲಗೆಗೆಂದು ಗಂಜಿನಿಂದ ಎಣ್ಣೆಯ ಖಾಲಿ ಡಬ್ಬಿ ತರಿಸಿ, ತಗಡು ಬಿಚ್ಚಿಸಿ, ಮರದ ಹಲಗೆಗೆ ಮೊಳೆ ಹೊಡೆಸಿದೆ. ಇಟ್ಟಾಗ ಟಕ್ ಎಂದು ಸಣ್ಣ ಸದ್ದು ಬರುತ್ತಿತ್ತು. ಆ ಸದ್ದು ಬಂದರೆ ಫ್ಯಾನಲ್ಲ, ಬಿರುಗಾಳಿ ಬಂದರೂ ಸಿಪಾಯಿ ಅಲ್ಲಾಡುತ್ತಿರಲಿಲ್ಲ.

ಮೂರು ಗಂಡಸರು ಎರಡು ವರ್ಷದಲ್ಲಿ ಮಾಡಲಾಗದ್ದನ್ನು ನಾನು ಹದಿನೈದು ದಿನದಲ್ಲಿ, ಗುಜರಿಯಿಂದ ಮಾಡಿ ಮುಗಿಸಿದ್ದೆ. ಯಾರೂ ಭೇಷ್ ಎನ್ನಲಿಲ್ಲ. ಫ್ಯಾನಿನ ಗಾಳಿ ಹಿತವಾಗಿದೆ ಎಂದರು.

ಅಂದಿನಿಂದ ಸಿಪಾಯಿಗಳು ನಮ್ಮ ಮನೆಯಲ್ಲೇ ಉಳಿದವು. ಚಾಚಾ ಬರುವಾಗ ಕೈಗಡಿಯಾರ ಮನೆಯಲ್ಲಿ ಬಿಚ್ಚಿಟ್ಟು ಬರುತ್ತಿದ್ದರು. ಹಲಗೆಯನ್ನು ಮುಟ್ಟುತ್ತಲೂ ಇರಲಿಲ್ಲ, ಇಂಥಾ ಕುದುರೆಯನ್ನು ಇಷ್ಟು ಮುಂದೆ ಎಂದು ಬಾಯಿಂದ ಹೇಳಿದರೆ ಯಜಮಾನರು ಸರಿಸುತ್ತಿದ್ದರು. ಯುದ್ಧ ಅರ್ಧಕ್ಕೆ ನಿಂತರೆ ಹಲಗೆಯನ್ನು ಹಾಗೇ ಎತ್ತಿ ಬಾಗಿಲ ಹಿಂದೆ ಗೋಡೆಗೆ ಆನಿಸುತ್ತಿದ್ದೆವು. ಆನೆ ಕುದುರೆಗಳೆಲ್ಲ ಗೋಡೆಗೆ ಹಲ್ಲಿ ಅಂಟಿದಂತೆ ಮುಂದಿನ ವಾರದ ತನಕ ಅಲ್ಲೇ ಇರುತ್ತಿದ್ದವು. ಯಜಮಾನರು ಬಂದವರಿಗೆಲ್ಲ ಇದನ್ನು ತಮ್ಮದೇ ಶೋಧವೆಂಬಂತೆ ತೋರಿಸುತ್ತಿದ್ದರು. ಹೀಗೆ ತೋರಿಸಿದ್ದು ಒಮ್ಮೆ ನಮ್ಮ ಹೆಡ್‌ಮಾಸ್ತರರಿಗೆ.

ನಾನು ಕೆಲಸ ಮಾಡುತ್ತಿದ್ದುದು ಕಮಲಾಪುರದ ಒಂದು ಹೈಸ್ಕೂಲಿನಲ್ಲಿ. ದಿನಾ ಬೆಳಿಗ್ಗೆ ಹುಮನಾಬಾದ ಬಸ್ಸು ಹಿಡಿದು ಹೋಗಿ ಸಂಜೆ ಬರುತ್ತಿದ್ದೆ. ಹೆಡ್‌ಮಾಸ್ತರರು ಯಾವುದೋ ಕೆಲಸಕ್ಕೆ ಕೋರ್ಟಿಗೆ ಬಂದವರು ನಮ್ಮಲ್ಲಿ ಊಟಕ್ಕೆ ಬಂದು, ಗೋಡೆಗೆ ಅಂಟಿದ ಯುದ್ಧ ನೋಡಿ ಕಣ್ಣರಳಿಸಿದರು. ಈ ಸಲದ ಶಾಲೆಯ ವಾರ್ಷಿಕ ಗ್ಯಾದರಿಂಗಿಗೆ ಇದನ್ನೇ ಇಡೋಣ, ಇಲಾಖೆಯ ಸಾಹೇಬರು ಮುಖ್ಯ ಅತಿಥಿಯಾಗಿ ಬರುತ್ತಾರೆ ಎಂದರು. ಇದು ತೊಂಬತ್ತರ ದಶಕದ ಮಧ್ಯದ ಮಾತು.

ಆ ಹೊತ್ತಿಗೆ ಚಾಚಾ ಸೊಲ್ಲಾಪುರದ ಕಣ್ಣಿನ ಡಾಕ್ಟರರ ಹತ್ತಿರ ಹೋಗಿ ಬಂದಿದ್ದರು. ಕಣ್ಣಿನ ನರ ಒಣಗುತ್ತಿದೆ, ಇದ್ದಷ್ಟು ದಿನ ಕಾಣುತ್ತದೆ, ಹೋದದ್ದು ತಿರುಗಿ ಬರುವುದಿಲ್ಲ ಎಂದಿದ್ದರಂತೆ ಡಾಕ್ಟರರು. ಭೂತಗನ್ನಡಿಯ ಕೆಲಸ ನಿಂತುಹೋಗಿತ್ತು. ಅಂಗಡಿ ತೆರೆದು ಕೂರುತ್ತಿದ್ದರು ಅಷ್ಟೆ, ಸೆಲ್ಲಿನ ಗಡಿಯಾರಕ್ಕೆ ಸೆಲ್ಲು ಹಾಕಿ ಕೊಡುವುದೂ ತಡವರಿಸಿ ತಡವರಿಸಿ. ಹೊಸ ಸಿಪಾಯಿ ಇನ್ನೊಂದು ಹುಟ್ಟುವ ಹಾಗಿರಲಿಲ್ಲ. ಕಮಲಾಪುರದ ಸುದ್ದಿ ಕೇಳಿ ಅವರು ಒಂದು ನಿರ್ಧಾರಕ್ಕೆ ಬಂದರು. ಆ ದಿನ ಎಲ್ಲವನ್ನೂ ಶಾಲೆಗೇ ಕೊಟ್ಟುಬಿಡುವುದು. ನನಗೆ ಕಾಣದಿದ್ದರೂ ಹುಡುಗರು ನೋಡುತ್ತಿರುತ್ತಾರೆ, ವರ್ಷ ವರ್ಷ ಹೊಸ ಹುಡುಗರು ಬರುತ್ತಾರೆ ಎಂದು ನಮ್ಮ ಕಟ್ಟೆಯ ಮೇಲೆ ಕೂತು ಹೇಳಿದರು. ಅವರಿಗೆ ಮಕ್ಕಳಿರಲಿಲ್ಲ. ಅವರ ಆಯುಷ್ಯದ ಕೆಲಸವೆಂದರೆ ನಮ್ಮ ಟ್ರಂಕಿನಲ್ಲಿದ್ದ ಆ ಸೈನ್ಯವೇ. ಇದು ನನಗೆ ಸ್ಪಷ್ಟವಾಗಿ ಗೊತ್ತಿತ್ತು, ಗೊತ್ತಿರಲಿಲ್ಲವೆಂದು ಹೇಳುವುದಕ್ಕಾಗುವುದಿಲ್ಲ.

ಗ್ಯಾದರಿಂಗಿಗೆ ಎಂಟು ದಿನವಿರುವಾಗ ಸಾಹುಕಾರರು ಮನೆಗೆ ಬಂದರು. ಕಮಲಾಪುರ ಅವರ ಹುಟ್ಟೂರು, ಅಲ್ಲಿ ನಾಲ್ಕು ಜನರ ಮುಂದೆ ಎಣ್ಣೆ ಡಬ್ಬಿಯ ತಗಡು ಇಡುವುದು ಅವರಿಗೆ ಒಪ್ಪಿಗೆಯಿರಲಿಲ್ಲ. ಹೊಸ ಹಲಗೆ ಮಾಡಿಸಲು ಹೇಳಿ ಬಂದಿದ್ದರು, ನಾಲ್ಕೂ ಕಡೆ ಹಿಡಿಕೆ, ಮೇಲೆ ಪೇಂಟರ್ ಕಡೆಯಿಂದ ನದಿ, ಗುಡ್ಡ, ಕೋಟೆ.

"ಒಂದನೇ ನಂಬರ್ ಸ್ಟೀಲ್ ರೀ, ವೈನಿ," ಎಂದರು. "ನೂರು ವರ್ಷ ಇಟ್ರೂ ತುಕ್ಕು ಹತ್ತೋದಿಲ್ಲ. ನಿಮ್ಮ ಫ್ರಿಜ್ಜಿನ ರಬ್ಬರ್ ಒಂದು ಯಾರಿಗೂ ಕಾಣದಂಗ ನೋಡ್ಕೋರಿ ಮತ್ತ. ಮಂದಿ ನಗ್ತಾರ."

ಹೇಳಿ ತಾವೇ ನಕ್ಕರು. ನಮ್ಮ ಯಜಮಾನರೂ ನಕ್ಕರು.

ಆ ನಗು ನನಗೆ ಮೆಣಸಿನಕಾಯಿ ಅರೆದು ಹಚ್ಚಿದಂತಾಯಿತು. ಇಷ್ಟು ವರ್ಷ ನಿಮ್ಮ ಸೈನ್ಯ ನಿಂತದ್ದು ಆ ರಬ್ಬರಿನ ಮೇಲೆ. ಅದೇ ಹೊತ್ತಿಗೆ ಇನ್ನೊಂದು ಮಾತು ತಲೆಯಲ್ಲಿ ಹೊಳೆಯಿತು. ಒಂದನೇ ನಂಬರಿನ ಸ್ಟೀಲಿಗೆ ಮ್ಯಾಗ್ನೆಟ್ ಹಿಡಿಯುವುದಿಲ್ಲ. ನಮ್ಮ ಕಡೆ ಪಾತ್ರೆ ಕೊಳ್ಳಲು ಹೋಗುವ ಯಾವ ಹೆಂಗಸನ್ನಾದರೂ ಕೇಳಿ. ಪರ್ಸಿನಲ್ಲಿ ಒಂದು ಚೂರು ಮ್ಯಾಗ್ನೆಟ್ ಇಟ್ಟುಕೊಂಡೇ ಹೋಗುತ್ತಾಳೆ. ಪರಾತಕ್ಕೆ ಹಚ್ಚಿದಾಗ ಅಂಟಿಕೊಂಡರೆ ಅದು ಕಳಪೆ, ಅಂಗಡಿಯವನು ದೇವರ ಆಣೆ ಹಾಕಿದರೂ ಒಗೆದು ಬರಬೇಕು. ಜಾರಿ ಬಿದ್ದರೆ ಮಾಲು ಚೊಕ್ಕ. ನನ್ನ ತಾಯಿ ನನ್ನ ಮದುವೆಯ ಪಾತ್ರೆಗಳನ್ನೆಲ್ಲ ಹಾಗೇ ಆರಿಸಿದ್ದಳು, ನಾನೂ ಹಾಗೇ ಆರಿಸುತ್ತಿದ್ದೆ. ಗಂಡಸರಿಗೆ ಇದು ತಿಳಿಯದು. ಅವರು ಪಾತ್ರೆ ಅಂಗಡಿಯ ಹೊರಗೆ ಸ್ಕೂಟರ್ ಹಿಡಿದು ನಿಂತಿರುತ್ತಾರೆ.

ಅಲ್ಲೇ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಚಹಾದ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದೆ. ನನ್ನ ಯೋಚನೆ ಆಗಲೇ ಸಿದ್ಧವಾಗಿತ್ತು. ಕಮಲಾಪುರದಲ್ಲಿ ಎಲ್ಲರ ಮುಂದೆ ಒಂದನೇ ನಂಬರಿನ ಬಣ್ಣ ಬಯಲಾಗಲಿ, ಸಾಹುಕಾರರು ಬೆವರಲಿ, ಆಗ ನಾನು ನನ್ನ ಎಣ್ಣೆ ಡಬ್ಬಿಯ ತಗಡು ತಂದಿಟ್ಟು ಮಾನ ಉಳಿಸುತ್ತೇನೆ. ಇದಕ್ಕಾಗಿ ಹಳೇ ಹಲಗೆಯನ್ನು ಮಾಸಿದ ಸೀರೆಯಲ್ಲಿ ಸುತ್ತಿ, ಕಂಡಕ್ಟರನ ಬೈಗುಳ ತಿಂದು, ಬಸ್ಸಿನಲ್ಲಿ ಒಯ್ದು ಶಾಲೆಯ ಸ್ಟೋರ್ ರೂಮಿನಲ್ಲಿ ನಕಾಶೆಗಳ ಹಿಂದೆ ಬಚ್ಚಿಟ್ಟೆ. ಅಷ್ಟು ಕಷ್ಟಪಟ್ಟೆ. ಬಾಯಿ ತೆರೆಯುವುದು ಅದಕ್ಕಿಂತ ಸುಲಭವಿತ್ತು.

ಗ್ಯಾದರಿಂಗಿನ ದಿನ ಹೊಸ ಹಲಗೆ ಬಂದದ್ದು ಕೊನೆ ಗಳಿಗೆಯಲ್ಲಿ, ಸಾಹುಕಾರರ ಜೀಪಿನಲ್ಲಿ, ಪೇಂಟಿನ ವಾಸನೆಯೊಂದಿಗೆ. ನೋಡಲು ಚೆಂದವಿತ್ತು, ಒಪ್ಪಿಕೊಳ್ಳುತ್ತೇನೆ. ಅದನ್ನು ವೇದಿಕೆಯ ಮುಂದೆ ಉದ್ದನೆಯ ಮೇಜಿನ ಮೇಲೆ ಇಟ್ಟರು. ಸಾಹುಕಾರರೂ ಯಜಮಾನರೂ ಸಾಹೇಬರನ್ನು ಎದುರುಗೊಳ್ಳಲು ಗೇಟಿಗೆ ಹೋದರು. ಚಾಚಾ ಮದುವೆ ಕಾಲದ ಕರೀ ಕೋಟು ಹಾಕಿಕೊಂಡು ವೇದಿಕೆಯ ಕುರ್ಚಿಯಲ್ಲಿ ಕೂತಿದ್ದರು, ಮೇಜಿನಿಂದ ಹತ್ತು ಹೆಜ್ಜೆ ದೂರ. ಅವರು ಒಂದು ಸಲ ಆ ಹಲಗೆ ಮುಟ್ಟಿದ್ದರೆ ಸಾಕಿತ್ತು. ಜೀವಮಾನವೆಲ್ಲ ಸ್ಟೀಲಿನ ಗಡಿಯಾರಗಳ ಬೆನ್ನು ಬಿಚ್ಚಿದ ಕೈ, ಅದಕ್ಕೆ ತಿಳಿಯುತ್ತಿತ್ತು.

ಸಿಪಾಯಿಗಳನ್ನು ಇಟ್ಟವಳು ನಾನು. ಮೊದಲು ಪಟ್ಟದ ಆನೆ ಇಟ್ಟೆ. ಸದ್ದಿಲ್ಲ. ಬೆರಳಿನಿಂದ ತಳ್ಳಿದೆ, ಗಾಜಿನ ಮೇಲೆ ಜಾರಿದಂತೆ ಜಾರಿತು. ಎರಡನೆಯದು, ಮೂರನೆಯದು. ಮುಚ್ಚಿದ ಹಾಲಿನಲ್ಲಿ ಗಾಳಿಯಿರಲಿಲ್ಲ, ಮೇಜು ಸಮತಟ್ಟಾಗಿತ್ತು, ಎಲ್ಲವೂ ನಿಂತವು. ಒಂದೊಂದಾಗಿ ಇನ್ನೂರನ್ನೂ ಇಟ್ಟೆ, ಒಂದರ ಸದ್ದೂ ಬರಲಿಲ್ಲ. ಅಷ್ಟು ಹೊತ್ತಿನಲ್ಲಿ ಯಾವಾಗ ಬೇಕಾದರೂ ನಿಲ್ಲಿಸಬಹುದಿತ್ತು. ನಡುವೆ ಸಾಹುಕಾರರು ಒಮ್ಮೆ ಓಡಿ ಬಂದು, ಬೆವರು ಒರೆಸಿಕೊಳ್ಳುತ್ತ, ಹೆಂಗದ ರೀ ವೈನಿ ಬೋರ್ಡು ಎಂದು ಕೇಳಿದರು.

"ಭಾಳ ಚಂದ ಅದ ರೀ," ಎಂದೆ.

ಸಾಹೇಬರು ಬಂದರು, ಹಾರ ಬಿತ್ತು, ಹೆಡ್‌ಮಾಸ್ತರರ ಮಾತು ಬೆಳೆಯಿತು. ಚಾಚಾ ಎದ್ದು ನಿಂತು ನಾಲ್ಕು ಮಾತು ಹೇಳಿದರು. ಇವನ್ನೆಲ್ಲ ಹುಡುಗರಿಗೇ ಬಿಟ್ಟು ಹೋಗುತ್ತೇನೆ, ನೋಡುತ್ತಿರಿ, ಮುಟ್ಟುವುದಿದ್ದರೆ ಕೈ ತೊಳೆದು ಮುಟ್ಟಿ ಎಂದರು. ಹುಡುಗರು ಚಪ್ಪಾಳೆ ಹೊಡೆದರು. ನನ್ನ ಅಂದಾಜು ಏನಿತ್ತೆಂದರೆ, ಆಮೇಲೆ ಆಟ ತೋರಿಸುವಾಗ ಯಜಮಾನರು ಕುದುರೆ ಸರಿಸುತ್ತಾರೆ, ಅದು ಜಾರುತ್ತದೆ, ಒಂದೆರಡು ಮಲಗುತ್ತವೆ, ಅಲ್ಲಿಗೆ ನನ್ನ ಸಮಯ ಬರುತ್ತದೆ. ಅಷ್ಟರಲ್ಲಿ ಹಿಂದಿನ ಸಾಲಿನ ಹುಡುಗರು ಕಾಣಿಸುವುದಿಲ್ಲವೆಂದು ಗದ್ದಲ ಮಾಡಿದರು. ಹೆಡ್‌ಮಾಸ್ತರರಿಗೆ ನಮ್ಮ ಮನೆಯ ಬಾಗಿಲ ಹಿಂದಿನ ಯುದ್ಧ ನೆನಪಾಯಿತು. ಹಲಗೆ ಎತ್ತಿ ನೆಟ್ಟಗೆ ಹಿಡೀರಿ, ಎಲ್ಲರಿಗೂ ಕಾಣಲಿ ಎಂದರು.

ಒಂದು ಕಡೆ ಯಜಮಾನರು, ಇನ್ನೊಂದು ಕಡೆ ಸಾಹುಕಾರರು ಹಿಡಿಕೆಗೆ ಕೈ ಹಾಕಿದರು. ನಾನು ಮೂರು ಮಾರು ದೂರದಲ್ಲಿದ್ದೆ. ಬ್ಯಾಡ ಎನ್ನಲು ಒಂದು ಉಸಿರು ಸಾಕು. ಆ ಉಸಿರಿನಲ್ಲಿ ನಾನು ಸಾಹುಕಾರರ ಮುಖ ನೋಡುತ್ತಿದ್ದೆ, ಅದು ಹೇಗೆ ಬದಲಾಗುತ್ತದೆಂದು ನೋಡಬೇಕಿತ್ತು. ಮೆಲ್ಲಗೆ ಓರೆ ಮಾಡುತ್ತಾರೆ, ಅಂಚಿನ ನಾಲ್ಕು ಜಾರುತ್ತವೆ, ನಿಲ್ಲಿಸುತ್ತಾರೆ ಅಂದುಕೊಂಡಿದ್ದೆ. ಆದರೆ ಆ ಮನುಷ್ಯ ಯಾವುದನ್ನಾದರೂ ಮೆಲ್ಲಗೆ ಎತ್ತಿದ್ದುಂಟೇ. ಗಂಜಿನಲ್ಲಿ ಚೀಲ ಎತ್ತಿದ ಹಾಗೆ ಒಂದೇ ಎತ್ತಿಗೆ ಎತ್ತಿ ನಿಲ್ಲಿಸಿಬಿಟ್ಟರು.

ಹಲಗೆಯ ಮೇಲೆ ಒಂದೂ ಉಳಿಯಲಿಲ್ಲ. ಎಲ್ಲವೂ ಒಮ್ಮೆಗೆ ಫರ್ಸಿ ಕಲ್ಲಿನ ನೆಲದ ಮೇಲೆ ಬಿದ್ದವು. ಹುಡುಗರು ನಕ್ಕರು, ಇದೂ ಆಟದ ಭಾಗವೆಂದು ತಿಳಿದಿರಬೇಕು.

ಚಾಚಾಗೆ ವೇದಿಕೆಯಿಂದ ಅಷ್ಟು ದೂರ ಸರಿಯಾಗಿ ಕಾಣುತ್ತಿರಲಿಲ್ಲ. ಏನಾತ್ರೀ ಎಂದು ಕೇಳಿದರು. ಅವರು ಮೆಟ್ಟಿಲು ಇಳಿದು ಬಂದು, ನೆಲಕ್ಕೆ ಕೂತು, ಅಂಗೈಯಿಂದ ಸವರಿ ನೋಡಿದರು. ತಲೆಗಳು, ಕುದುರೆಯ ಕಾಲು, ಬಿಳೀ ಪುಡಿ. ಗಡಿಯಾರದ ಮುಳ್ಳುಗಳು ಸುತ್ತ ಚದುರಿ ಬಿದ್ದಿದ್ದವು. ನನ್ನ ಫ್ರಿಜ್ಜಿನ ರಬ್ಬರಿನ ಚೂರುಗಳು ಮಾತ್ರ ಒಂದೂ ಮುಕ್ಕಾಗಿರಲಿಲ್ಲ. ಚಾಚಾ ಅಂಥದೊಂದು ಚೂರನ್ನು ಎತ್ತಿ, ಸಾಹುಕಾರರ ಕೈಯಲ್ಲಿ ಇನ್ನೂ ನಿಂತಿದ್ದ ಹಲಗೆಗೆ ಒತ್ತಿ ಕೈ ಬಿಟ್ಟರು. ಅದು ಕೆಳಗೆ ಬಿತ್ತು. ಆಮೇಲೆ ಹಲಗೆಯ ಬೆನ್ನನ್ನು ಉಗುರಿನಿಂದ ತಟ್ಟಿ ನೋಡಿ, ತಲೆ ಎತ್ತಿ, ನಾನು ನಿಂತ ಕಡೆಗೆ ಸುಮ್ಮನೆ ಮುಖ ಮಾಡಿದರು.

ಸಾಹುಕಾರರು ಕುಸಿದು ಕೂತು ಹಣೆ ಹಣೆ ಬಡಿದುಕೊಂಡರು. ನನ್ನದ ತಪ್ಪು, ನನ್ನದ ತಪ್ಪು ಎನ್ನುತ್ತಲೇ ಇದ್ದರು, ಎಲ್ಲರೆದುರು ಮಗುವಿನಂತೆ ಅತ್ತರು. ನಾನು ನೋಡಬೇಕೆಂದಿದ್ದ ಮುಖ ಅದೇ. ನೋಡಲಾಗಲಿಲ್ಲ. ಚಾಚಾ ಅವರ ಬೆನ್ನು ಸವರುತ್ತ ಪಕ್ಕದಲ್ಲೇ ಕೂತರು. ಇಲಾಖೆಯ ಸಾಹೇಬರು ಬರೆದು ತಂದಿದ್ದ ಭಾಷಣ ಓದಿದರು, ಶಿಸ್ತಿನ ಮಹತ್ವದ ಬಗ್ಗೆ. ನಾನು ಪೊರಕೆ ತಂದು ಗುಡಿಸಿ, ಸಿಕ್ಕಿದ್ದನ್ನು ಟ್ರಂಕಿಗೆ ತುಂಬಿದೆ. ಹಳೇ ಹಲಗೆಯ ಸುದ್ದಿ ಎತ್ತಲಿಲ್ಲ.

ಯಜಮಾನರು ಸಾಹುಕಾರರನ್ನು ಸಮಾಧಾನ ಮಾಡಲೆಂದು ಅವರ ತೋಟದ ಮನೆಯಲ್ಲೇ ಉಳಿದರು. ಚಾಚಾ ಮತ್ತು ನಾನು ಸಂಜೆಯ ಬಸ್ಸಿಗೆ ಹೊರಟೆವು. ಅವರು ಕಿಟಕಿಯ ಪಕ್ಕ, ನಾನು ಎದುರು ಸೀಟಿನಲ್ಲಿ, ಕಾಲಬಳಿ ಟ್ರಂಕು. ಬಸ್ಸು ಕುಣಿದಾಗೆಲ್ಲ ಒಳಗೆ ಚೂರುಗಳು ಸದ್ದು ಮಾಡುತ್ತಿದ್ದವು. ನನಗೆ ಗೊತ್ತಿತ್ತು ಎಂದು ಹೇಳಬೇಕೆಂದು ಬಾಯಿ ತನಕ ಬರುತ್ತಿತ್ತು. ಇನ್ನೊಬ್ಬರ ತಪ್ಪು ಎತ್ತಿ ಆಡಿ ರೂಢಿಯಿದ್ದ ಬಾಯಿಗೆ ತನ್ನ ತಪ್ಪು ಹೇಗೆ ಹೇಳಬೇಕೆಂದು ತಿಳಿಯಲಿಲ್ಲ. ಕಲಬುರಗಿ ಹತ್ತಿರ ಬಂತು. ಚಾಚಾ ಕಿಟಕಿಯ ಕಡೆ ನೋಡುತ್ತಲೇ ಮಾತಾಡಿದರು.

"ಬಾಯಿಯವರ, ನಿಮಗ ಮೊದಲ ಗೊತ್ತಿತ್ತು ಅಂಬೋದು ಸಾಹುಕಾರ್ರಿಗೆ ಹೇಳಬ್ಯಾಡ್ರಿ. ನಿಮ್ಮ ಮ್ಯಾಲ ಅವರಿಗೆ ಭಾಳ ಇಜ್ಜತ್ ಅದ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ರವಿವಾರದ ಯುದ್ಧ ಅಲ್ಲಿಗೆ ನಿಂತಿತು. ಪಡಸಾಲೆಯಲ್ಲಿ ಫ್ಯಾನು ಬೇಕಾದಷ್ಟು ತಿರುಗುತ್ತಿತ್ತು. ಯಜಮಾನರು ಪೇಪರ್ ಓದುತ್ತ ಮಲಗಿಬಿಡುತ್ತಿದ್ದರು. ಎರಡು ವರ್ಷದೊಳಗೆ ಚಾಚಾಗೆ ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ಕಾಣದಾಯಿತು. ಅಂಗಡಿ ಮುಚ್ಚಿದರು. ಅವರು ನನ್ನೊಂದಿಗೆ ಮೊದಲಿನಂತೆಯೇ ಮಾತಾಡುತ್ತಿದ್ದರು, ಆ ದಿನದ ಮಾತು ಮಾತ್ರ ಮತ್ತೊಮ್ಮೆ ಎತ್ತಲಿಲ್ಲ. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ತೀರಿಕೊಂಡರು.

ಸಾಹುಕಾರರು ಪ್ರತಿ ವರ್ಷ ಸಂಕ್ರಮಣದ ದಿನ ಕುಸುರೆಳ್ಳು ತೆಗೆದುಕೊಂಡು ಬರುತ್ತಿದ್ದರು. ಚಾಚಾ ಇರುವ ತನಕ ಮೊದಲು ಅವರ ಮನೆ, ಆಮೇಲೆ ನಮ್ಮದು. ಪಡಸಾಲೆಯ ಅಂಚಿಗೆ ಕೂತು, ಆ ದಿನ ನನ್ನಿಂದ ಭಾಳ ದೊಡ್ಡ ತಪ್ಪಾತು, ನೀವೂ ಮನಸಿನಾಗ ಇಟ್ಕೋಬ್ಯಾಡ್ರಿ ವೈನಿ ಎಂದು ಎರಡೂ ಕೈ ಜೋಡಿಸುತ್ತಿದ್ದರು. ಸಾಹುಕಾರರು ತೀರಿಹೋಗುವ ತನಕ ಅದು ತಪ್ಪಲಿಲ್ಲ. ನಾನು ಪ್ರತಿ ವರ್ಷ ಅವರ ಕೈಯಿಂದ ಕುಸುರೆಳ್ಳು ತೆಗೆದುಕೊಂಡು, ಇರ್ಲಿ ಬಿಡ್ರಿ ಎಂದು ಅವರನ್ನು ಕ್ಷಮಿಸುತ್ತಿದ್ದೆ.